ಗಿಡುಗದ ಬೆನ್ನು ಹತ್ತಿ ಸಾನ್ ಫ್ರಾನ್ಸಿಸ್ಕೋದಲ್ಲಿ ಒಂದು ದಿನ

ಅಮೆರಿಕಕ್ಕೆ ಹೋಗಿ ಬಂದವರನ್ನು ನೀವು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು. "ಏನೇನು ನೋಡಿದ್ರಿ?" ನಾನೂ ಎಷ್ಟೋ ಜನರನ್ನು ಹಾಗೆ ಕೇಳಿದವಳೇ. ಈಗ ನನ್ನ ಸರದಿ ಬಂದಾಗ ಉತ್ತರ ಹೇಳಲು ಸ್ವಲ್ಪ ಸಂಕೋಚ. ಕೆಂಪು ಬಣ್ಣದ ದೊಡ್ಡ ಸೇತುವೆ ನೋಡಿದೆ, ನಿಜ. ಆದರೆ ನಾನೇ ಹಟ ಹಿಡಿದು ಅಳಿಯನನ್ನು ಕರೆದುಕೊಂಡು ಹೋಗಿ ನೋಡಿದ್ದು ಒಂದು ಸಣ್ಣ ಓಣಿಯನ್ನು. ಎಂದೂ ಹುಟ್ಟದೇ ಇದ್ದ ಒಬ್ಬ ಮನುಷ್ಯ ಸತ್ತು ಬಿದ್ದ ಓಣಿ ಅದು!

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ನಾನು ಹೋಗಿದ್ದು ಮಗಳ ಬಾಣಂತನಕ್ಕೆ. ಅವಳ ಮನೆ ಫ್ರೀಮಾಂಟ್‌ನಲ್ಲಿ. ಸಾನ್ ಫ್ರಾನ್ಸಿಸ್ಕೋದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ. ಎಣ್ಣೆ ನೀರು, ಮಗುವಿಗೆ ಧೂಪ, ಮೆಂತ್ಯದ ಲೇಹ್ಯ ಎಲ್ಲ ಮುಗಿದು ಮಗಳು ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ಹಗಲೆಲ್ಲ ಮನೆಯಲ್ಲಿ ನಾನು, ಮಗು, ಇಬ್ಬರೇ. ಅದು ಮಲಗಿದರೆ ನಾನೊಬ್ಬಳೇ. ಅಕ್ಕಪಕ್ಕದಲ್ಲಿ ಒಂದು ಹರಟೆಯಿಲ್ಲ, ಸೊಪ್ಪಿನವಳ ಕೂಗಿಲ್ಲ. ಹೀಗಿರುವಾಗ ಒಂದು ದಿನ ಅಳಿಯನ ಪುಸ್ತಕದ ಕಪಾಟಿನಲ್ಲಿ ಅಂಚು ಹರಿದ ಒಂದು ತೆಳು ಪುಸ್ತಕ ಸಿಕ್ಕಿತು. 'ದ ಮಾಲ್ಟೀಸ್ ಫಾಲ್ಕನ್' ಅಂತ ಹೆಸರು. ಬರೆದವನು ಡ್ಯಾಶಿಯಲ್ ಹ್ಯಾಮೆಟ್. ಹೊದಿಕೆಯ ಮೇಲೆ ಒಂದು ಕರಿ ಗಿಡುಗದ ಚಿತ್ರ.

ಪತ್ತೇದಾರಿ ಕಾದಂಬರಿ ಎಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಇರಬೇಕು. ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದು, ಗಣಿತದ ನೋಟ್‌ಬುಕ್ಕಿನ ಒಳಗಿಟ್ಟು, ಪತ್ತೇದಾರ ಪುರುಷೋತ್ತಮನ ಜೊತೆ ಕಳ್ಳರನ್ನು ಅಟ್ಟಿಸಿಕೊಂಡು ಹೋಗಿ, ಅಮ್ಮನ ಕೈಲಿ ಬೈಸಿಕೊಂಡವಳು ನಾನು. ಇಂಗ್ಲಿಷ್ ಪುಸ್ತಕ ಓದುವ ಅಭ್ಯಾಸ ತಪ್ಪಿ ಎಷ್ಟೋ ವರ್ಷವಾಗಿತ್ತು. ಆದರೂ ದಿನಕ್ಕೆ ಹತ್ತು ಪುಟ, ಹನ್ನೆರಡು ಪುಟ ಅಂತ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು, ತೊಟ್ಟಿಲು ತೂಗುತ್ತ ಓದತೊಡಗಿದೆ.

ಕಥೆ ಇಷ್ಟು. ಸಾನ್ ಫ್ರಾನ್ಸಿಸ್ಕೋದಲ್ಲಿ ಸ್ಯಾಮ್ ಸ್ಪೇಡ್, ಮೈಲ್ಸ್ ಆರ್ಚರ್ ಎಂಬ ಇಬ್ಬರು ಪಾಲುದಾರಿಕೆಯಲ್ಲಿ ಖಾಸಗಿ ಪತ್ತೇದಾರಿ ಕಚೇರಿ ನಡೆಸುತ್ತಿರುತ್ತಾರೆ. ಒಂದು ದಿನ ಸುಂದರಿಯಾದ ತರುಣಿಯೊಬ್ಬಳು ಬಂದು, ತನ್ನ ತಂಗಿ ಯಾರದೋ ಜೊತೆ ಓಡಿಹೋಗಿದ್ದಾಳೆ, ಅವನ ಹಿಂದೆ ಬಿದ್ದು ಪತ್ತೆ ಮಾಡಿಕೊಡಿ ಎನ್ನುತ್ತಾಳೆ. ಆರ್ಚರ್ ತಾನೇ ಹೋಗುತ್ತೇನೆಂದು ಹೊರಡುತ್ತಾನೆ. ಆ ರಾತ್ರಿಯೇ ಅವನು ಗುಂಡೇಟು ತಿಂದು ಸಾಯುತ್ತಾನೆ. ತಂಗಿಯೂ ಇಲ್ಲ, ಓಡಿಹೋದದ್ದೂ ಇಲ್ಲ, ಎಲ್ಲ ಸುಳ್ಳು. ಆಮೇಲೆ ತಿಳಿಯುತ್ತದೆ, ಅವರೆಲ್ಲ ಹುಡುಕುತ್ತಿರುವುದು ಒಂದಡಿ ಎತ್ತರದ ಗಿಡುಗದ ಬೊಂಬೆಯನ್ನು ಅಂತ. ಬಂಗಾರದ ಮೈ, ತುಂಬ ರತ್ನ, ಯಾರಿಗೂ ಗೊತ್ತಾಗದಿರಲೆಂದು ಮೇಲೆ ಕರಿ ಬಣ್ಣ ಬಳಿದದ್ದು. ಇದಕ್ಕೆ ಚೂರು ಚರಿತ್ರೆಯ ಆಧಾರವೂ ಇದೆ. 1530ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿ ಕ್ರೈಸ್ತ ಧರ್ಮಯೋಧರ ಒಂದು ಪಂಗಡಕ್ಕೆ ಮಾಲ್ಟಾ ದ್ವೀಪವನ್ನು ಕೊಟ್ಟು, ಕಪ್ಪವಾಗಿ ವರ್ಷಕ್ಕೊಂದು ಗಿಡುಗ ಕೇಳಿದ್ದನಂತೆ. ಕೇಳಿದ್ದು ಜೀವಂತ ಹಕ್ಕಿಯನ್ನು. ಬಂಗಾರದ್ದು ಹ್ಯಾಮೆಟ್ಟನ ಕೈಚಳಕ.

ಓದುತ್ತ ನನಗೆ ವಿಚಿತ್ರವೆನಿಸಿದ್ದು ಬೇರೆ. ಸ್ಪೇಡ್ ಮನಸ್ಸಿನಲ್ಲಿ ಏನಂದುಕೊಂಡ ಅಂತ ಈ ಲೇಖಕ ಒಂದು ಕಡೆಯೂ ಹೇಳುವುದಿಲ್ಲ. ಪಾಲುದಾರ ಸತ್ತ ಅಂತ ನಡುರಾತ್ರಿ ಫೋನು ಬಂದರೆ, ಅವನು ಅತ್ತನೋ, ಬೆಚ್ಚಿದನೋ ಊಹೂಂ. ಕಾಗದದಲ್ಲಿ ತಂಬಾಕು ಉದುರಿಸಿ, ಸಮ ಮಾಡಿ, ಸುರುಳಿ ಸುತ್ತಿ, ಅಂಚಿಗೆ ನಾಲಿಗೆ ತಾಗಿಸಿ ಸಿಗರೇಟು ಮಾಡಿಕೊಂಡದ್ದನ್ನೇ ನಮ್ಮಲ್ಲಿ ಎಲೆ ಅಡಿಕೆ ಹಾಕಿಕೊಳ್ಳುವುದನ್ನು ವರ್ಣಿಸುವ ಹಾಗೆ ವರ್ಣಿಸುತ್ತಾನೆ. ಎದುರು ಮನೆಯವರನ್ನು ನಾವು ಕಿಟಕಿಯಿಂದ ನೋಡುವುದಿಲ್ಲವೆ? ಕೈ ಕಾಣುತ್ತದೆ, ಮುಖ ಕಾಣುತ್ತದೆ, ಒಳಗಿನದು ನಾವೇ ಊಹಿಸಬೇಕು. ಹಾಗೆ.

ಇನ್ನೊಂದು ಮಾತು, ನೀವು ಓದಲು ಎತ್ತಿಕೊಂಡೀರಿ ಅಂತ ಮೊದಲೇ ಹೇಳಿಬಿಡುತ್ತೇನೆ. ಈ ಸ್ಪೇಡ್ ನಮ್ಮ ಪುರುಷೋತ್ತಮನಂಥ ಗುಣವಂತನಲ್ಲ. ಸತ್ತ ಪಾಲುದಾರನ ಹೆಂಡತಿ ಈವಾಳ ಜೊತೆ ಅವನಿಗೆ ಮೊದಲೇ ಸಂಬಂಧವಿರುತ್ತದೆ. ಕಳೆದುಹೋದ ಒಂದು ನೋಟಿಗಾಗಿ ಒಬ್ಬ ಹೆಣ್ಣುಮಗಳನ್ನು ಅವನು ಶೋಧಿಸುವ ರೀತಿಯನ್ನು ಇಲ್ಲಿ ಬರೆಯಲು ನನಗೆ ಮುಜುಗರ. ಅಲ್ಲಿಗೆ ಪುಸ್ತಕ ಮುಚ್ಚಿಟ್ಟು, "ಇಂಥವನನ್ನ ನಾಯಕ ಅಂತಾರಲ್ಲ" ಎಂದು ಎದ್ದು ಹೋಗಿ ಅರ್ಧ ಗಂಟೆ ಬೀನ್ಸ್ ಹೆಚ್ಚಿದೆ. ಮತ್ತೆ ಬಂದು ಎತ್ತಿಕೊಂಡೆ. ಅದೇ ನೋಡಿ ಅದರ ಗುಣ.

ಮುಗಿಯಲು ಇನ್ನು ನಲವತ್ತು ಪುಟ ಇರುವಾಗ ಅಳಿಯ ಹೇಳಿದ್ದು: "ಅತ್ತೆ, ಅದರಲ್ಲಿ ಬರೋ ಬೀದಿಗಳೆಲ್ಲ ನಿಜವಾದ್ದು. ನಡಕೊಂಡೇ ನೋಡಬಹುದು." ಸರಿ, ಬರುವ ಶನಿವಾರವೇ ಎಂದುಬಿಟ್ಟೆ. ನನ್ನ ಆರು ತಿಂಗಳು ಮುಗಿಯುತ್ತ ಬಂದಿತ್ತು.

ಮಗು, ಅದರ ತಳ್ಳುಗಾಡಿ, ಹಾಲಿನ ಬಾಟಲಿ, ನಾನು ಕಟ್ಟಿಕೊಂಡ ಚಿತ್ರಾನ್ನದ ಡಬ್ಬಿ (ಇರಲಿ ಅಂತ) ಎಲ್ಲದರೊಂದಿಗೆ ರೈಲು ಹತ್ತಿದೆವು. ಈ ರೈಲು ಕೊಲ್ಲಿಯ ನೀರಿನ ಅಡಿಯಲ್ಲೇ ಸುರಂಗದಲ್ಲಿ ಹೋಗುತ್ತದೆ. ಕಿವಿ ಗುಂಯ್ ಎನ್ನುವಾಗ ತಲೆಯ ಮೇಲೆ ಸಮುದ್ರವಿದೆ ಎಂದು ನೆನೆದು ಎದೆ ಒಂದಿಷ್ಟು ಹೊಡೆದುಕೊಂಡಿತು. ಪವೆಲ್ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದರೆ ಜುಲೈ ತಿಂಗಳಲ್ಲಿ ಮಡಿಕೇರಿಯ ಚಳಿ! ಫ್ರೀಮಾಂಟ್‌ನಲ್ಲಿ ಬೆವರುತ್ತಿದ್ದೆವು. ಇಲ್ಲಿ ಬೇಸಿಗೆಯಲ್ಲೂ ಸಮುದ್ರದ ಕಡೆಯಿಂದ ಮಂಜು ನುಗ್ಗಿ ಬರುತ್ತದೆ. ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಮಗಳ ಕೋಟು ಹಾಕಿಕೊಂಡು ನಾನು ಪತ್ತೇದಾರಿಕೆಗೆ ಇಳಿದೆ.

ಸ್ಟೇಷನ್ನಿನ ಬಾಗಿಲಲ್ಲೇ ಕೇಬಲ್ ಕಾರುಗಳು ತಿರುಗುವ ಜಾಗ. ಆ ಪುಟ್ಟ ಟ್ರಾಮಿನಂಥ ಗಾಡಿಯನ್ನು ಮರದ ವೃತ್ತದ ಮೇಲೆ ನಿಲ್ಲಿಸಿ, ಆಳುಗಳು ಕೈಯಿಂದಲೇ ತಳ್ಳಿ ತಿರುಗಿಸುತ್ತಾರೆ. ಅದರ ಪಕ್ಕದಲ್ಲೇ ಹಡಗಿನ ಮೂತಿಯಂತೆ ನಿಂತಿರುವ ದೊಡ್ಡ ಕಟ್ಟಡ, ಫ್ಲಡ್ ಬಿಲ್ಡಿಂಗ್. 1904ರಲ್ಲಿ ಕಟ್ಟಿದ್ದು, ಎರಡೇ ವರ್ಷಕ್ಕೆ ಬಂದ ಮಹಾ ಭೂಕಂಪವನ್ನೂ ಬೆಂಕಿಯನ್ನೂ ತಾಳಿಕೊಂಡು ಉಳಿದದ್ದು. ಇದರಲ್ಲೇ ಪಿಂಕರ್ಟನ್ ಎಂಬ ಪ್ರಸಿದ್ಧ ಪತ್ತೇದಾರಿ ಕಂಪನಿಯ ಕಚೇರಿಯಿತ್ತು. ತೆರೆದ ಕಣ್ಣು ಅವರ ಗುರುತು. ತಾವು ಮಲಗುವುದೇ ಇಲ್ಲವೆಂದು ಅವರ ಜಂಬ. ಆ ಕಂಪನಿಗೆ ಹ್ಯಾಮೆಟ್ 1921ರಲ್ಲಿ ಇಲ್ಲಿ ಕೆಲಸ ಮಾಡುತ್ತಿದ್ದ.

ಹೌದು, ಆತ ಕಥೆ ಬರೆಯುವ ಮೊದಲು ನಿಜವಾದ ಪತ್ತೇದಾರನೇ ಆಗಿದ್ದ. ಹುಟ್ಟಿದ್ದು 1894ರಲ್ಲಿ, ದೇಶದ ಇನ್ನೊಂದು ತುದಿಯ ಮೇರಿಲ್ಯಾಂಡ್‌ನಲ್ಲಿ. ಮನೆಯ ತಾಪತ್ರಯಕ್ಕೆ ಹುಡುಗನಾಗಿದ್ದಾಗಲೇ ಸ್ಕೂಲು ಬಿಟ್ಟ. 1915ರಲ್ಲಿ ಪಿಂಕರ್ಟನ್ ಸೇರಿದ. ನಡುವೆ ಮೊದಲ ಮಹಾಯುದ್ಧ ಬಂದು ಸೈನ್ಯಕ್ಕೆ ಹೋದವನಿಗೆ ಅಲ್ಲಿ ಇನ್‌ಫ್ಲುಯೆಂಜಾ ತಗಲಿ, ಅದು ಕ್ಷಯಕ್ಕೆ ತಿರುಗಿತು. ಟಕೋಮಾ ಎಂಬ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಆರೈಕೆ ಮಾಡಿದ ನರ್ಸು ಜೋಸ್. ಅವಳನ್ನೇ 1921ರಲ್ಲಿ ಈ ಊರಿನಲ್ಲಿ ಮದುವೆಯಾದ. ಊರಿನ ಹೆಸರು ನೆನಪಿಟ್ಟುಕೊಳ್ಳಿ, ಟಕೋಮಾ. ಮುಂದೆ ಬೇಕಾಗುತ್ತದೆ.

ಫ್ಲಡ್ ಬಿಲ್ಡಿಂಗಿನ ಹಿಂದಿನ ಬೀದಿಯೇ ಎಲ್ಲಿಸ್ ಸ್ಟ್ರೀಟ್. ಅಲ್ಲಿ 63ನೇ ನಂಬರಿನಲ್ಲಿ 1908ರಿಂದ ನಡೆಯುತ್ತಿರುವ ಹೋಟೆಲು ಜಾನ್ಸ್ ಗ್ರಿಲ್. ಕಾದಂಬರಿಯಲ್ಲಿ ಸ್ಪೇಡ್ ಒಂದು ರಾತ್ರಿ ಇಲ್ಲಿ ಅವಸರದಲ್ಲಿ ಊಟ ಮಾಡುತ್ತಾನೆ: ಮಾಂಸದ ಚಾಪ್ಸ್, ಬೇಯಿಸಿದ ಆಲೂಗೆಡ್ಡೆ, ಹೆಚ್ಚಿದ ಟೊಮೆಟೊ. ಅದೇ ಊಟವನ್ನು ಅವನ ಹೆಸರಿನಲ್ಲೇ ಇವತ್ತೂ ಅಲ್ಲಿ ಬಡಿಸುತ್ತಾರೆ. ಒಳಗೆ ಕರಿ ಮರದ ಗೋಡೆ, ಗೋಡೆ ತುಂಬ ಹಳೆಯ ಫೋಟೋಗಳು, ಗಾಜಿನ ಹಿಂದೆ ಗಿಡುಗದ ಬೊಂಬೆ. ಈ ಬೊಂಬೆಗೊಂದು ಕಥೆಯಿದೆ ಕೇಳಿ. ಮೊದಲು ಇದ್ದ ಬೊಂಬೆಯನ್ನು 2007ರಲ್ಲಿ ಯಾರೋ ಕದ್ದುಕೊಂಡು ಹೋದರು! ಈಗಿರುವುದು ಬೇರೆ. ಕಥೆಯಲ್ಲಿನ ಬೊಂಬೆಗೆ ಒಂದು ನಕಲು, ಅದಕ್ಕೂ ಒಬ್ಬ ನಿಜವಾದ ಕಳ್ಳ. ಹ್ಯಾಮೆಟ್ ಇದ್ದಿದ್ದರೆ ನಕ್ಕಿರುತ್ತಿದ್ದ.

ನಾವು ಸಸ್ಯಾಹಾರಿಗಳು. ಆದ್ದರಿಂದ ಪತ್ತೇದಾರನ ತಟ್ಟೆಯಿಂದ ಚಾಪ್ಸ್ ಕಳೆದು ಉಳಿದದ್ದು ನಮ್ಮ ಪಾಲಿಗೆ. ಆಲೂಗೆಡ್ಡೆ ಮಾತ್ರ ಚೆನ್ನಾಗಿತ್ತು. ನೀವೂ ಮಾಡಬಹುದು. ಅಂಗೈ ತುಂಬುವಷ್ಟು ದೊಡ್ಡ ಗೆಡ್ಡೆ ಆರಿಸಿ, ಸಿಪ್ಪೆ ತೆಗೆಯದೆ ತಿಕ್ಕಿ ತೊಳೆದು ಒರೆಸಿ, ಮುಳ್ಳುಚಮಚದಿಂದ ನಾಲ್ಕಾರು ಕಡೆ ಚುಚ್ಚಿ, ಎಣ್ಣೆ ಉಪ್ಪು ಸವರಿ ಓವನ್ನಿನಲ್ಲಿ ಸುಮಾರು ಒಂದು ಗಂಟೆ ಇಡಬೇಕು. ಓವನ್ ಇಲ್ಲದವರು ಗೆಣಸು ಸುಡುವಂತೆ ಕೆಂಡದ ಬೂದಿಯಲ್ಲಿ ಹೂತಿಟ್ಟರೂ ಆದೀತು. ಮೃದುವಾದ ಮೇಲೆ ಮೇಲುಗಡೆ ಅಡ್ಡ ಉದ್ದ ಸೀಳಿ, ಬೆಣ್ಣೆ, ಗಟ್ಟಿ ಮೊಸರು, ಮೆಣಸಿನ ಪುಡಿ, ಹೆಚ್ಚಿದ ಈರುಳ್ಳಿ ಸೊಪ್ಪು. ಅಷ್ಟೆ. ನಾನು ಚೀಲದಲ್ಲಿದ್ದ ಚಟ್ನಿಪುಡಿಯನ್ನೂ ಒಂದು ಚಿಟಿಕೆ ಉದುರಿಸಿಕೊಂಡೆ. ಮಗಳು ಕಣ್ಣು ಬಿಟ್ಟಳು.

ಊಟದ ನಡುವೆ ಮಗಳಿಗೂ ನನಗೂ ಸಣ್ಣ ಜಗಳವಾಯಿತು, ಫ್ಲಿಟ್‌ಕ್ರಾಫ್ಟ್ ಎಂಬುವನ ದೆಸೆಯಿಂದ.

ಈ ಫ್ಲಿಟ್‌ಕ್ರಾಫ್ಟ್ ಗಿಡುಗದ ಕಥೆಗೆ ಸಂಬಂಧವೇ ಇಲ್ಲದವನು. ಯಾರಿಗೋ ಕಾಯುತ್ತ ಕೂತಾಗ ಸ್ಪೇಡ್ ಸುಮ್ಮನೆ ಅವನ ಸಂಗತಿ ಹೇಳುತ್ತಾನೆ. ಟಕೋಮಾ ಊರಿನಲ್ಲಿ ಮನೆ ಜಮೀನು ವ್ಯವಹಾರ ಮಾಡುವವನು, ಅನುಕೂಲಸ್ಥ. ಹೆಂಡತಿ, ಐದು ವರ್ಷದ ಒಬ್ಬ ಮಗ, ಮೂರು ವರ್ಷದ ಒಬ್ಬ ಮಗ. 1922ರಲ್ಲಿ ಒಂದು ಮಧ್ಯಾಹ್ನ ಕಚೇರಿಯಿಂದ ಊಟಕ್ಕೆಂದು ಎದ್ದು ಹೋದವನು ಹಿಂದಿರುಗಲಿಲ್ಲ. ಸಾಲವಿಲ್ಲ, ಜಗಳವಿಲ್ಲ, ಇನ್ನೊಬ್ಬಳಿಲ್ಲ. ಐದು ವರ್ಷ ಕಳೆದ ಮೇಲೆ ಹೆಂಡತಿ ಪತ್ತೇದಾರಿ ಕಚೇರಿಗೆ ಬಂದು, ಸ್ಪೋಕೇನ್ ಎಂಬಲ್ಲಿ ತನ್ನ ಗಂಡನಂಥವನನ್ನು ಯಾರೋ ಕಂಡರಂತೆ ಎಂದಳು. ಸ್ಪೇಡ್ ಹೋಗಿ ನೋಡಿದರೆ ಅವನೇ. ಬೇರೆ ಹೆಸರು, ಮೋಟಾರು ಕಾರಿನ ವ್ಯಾಪಾರ, ಬೇರೊಬ್ಬ ಹೆಂಡತಿ, ಒಂದು ಗಂಡು ಮಗು.

ಯಾಕೆ ಹೋದ? ಆ ಮಧ್ಯಾಹ್ನ ರಸ್ತೆಯಲ್ಲಿ ನಡೆಯುವಾಗ, ಕಟ್ಟುತ್ತಿದ್ದ ಕಟ್ಟಡದಿಂದ ಒಂದು ತೊಲೆ ಜಾರಿ ಅವನ ಪಕ್ಕದಲ್ಲೇ ಬಿತ್ತು. ಕಲ್ಲಿನ ಚೂರು ಸಿಡಿದು ಕೆನ್ನೆ ತರಚಿತೇ ಹೊರತು ಮತ್ತೇನೂ ಆಗಲಿಲ್ಲ. ಆದರೆ ಅವನ ತಲೆಯೊಳಗೆ ಏನೋ ಮಗುಚಿತು. ಇಷ್ಟು ಅಚ್ಚುಕಟ್ಟಾಗಿ ಬಾಳಿದರೂ ಸಾವು ಹೀಗೆ ಲೆಕ್ಕಾಚಾರವಿಲ್ಲದೆ ಬೀಳುವುದಾದರೆ ಈ ಅಚ್ಚುಕಟ್ಟಿಗೆ ಅರ್ಥವೇನು ಎಂದು ಹೊರಟೇಬಿಟ್ಟ. ಅಲ್ಲಿ ಇಲ್ಲಿ ಅಲೆದು, ಕೊನೆಗೆ ಮತ್ತೆ ಅಂಥದೇ ಮನೆ, ಅಂಥದೇ ಸಂಸಾರ ಕಟ್ಟಿಕೊಂಡು ಕೂತ. ತೊಲೆ ಬಿದ್ದಾಗ ಬೀಳುವ ತೊಲೆಗೆ ಹೊಂದಿಕೊಂಡ, ಆಮೇಲೆ ತೊಲೆ ಬೀಳದ್ದರಿಂದ ಅದಕ್ಕೂ ಹೊಂದಿಕೊಂಡ ಎಂದು ಸ್ಪೇಡ್‌ಗೆ ಬಹಳ ಮೆಚ್ಚಿಗೆ.

ಮಗಳಿಗೂ ಮೆಚ್ಚಿಗೆ. "ಎಂಥಾ ಯೋಚನೆ ಅಲ್ವೇನಮ್ಮ? ಇಡೀ ಪುಸ್ತಕದಲ್ಲಿ ಬೆಸ್ಟ್ ಅದೇ" ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. "ಆ ಟಕೋಮಾದವಳು ಐದು ವರ್ಷ ಏನು ಮಾಡ್ತಿದ್ದಳಂತೆ? ಅದನ್ನ ಯಾಕೆ ಬರೀಲಿಲ್ಲ ಆ ಮಹರಾಯ?" ಅಂದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಮಗಳು ಸುಮ್ಮನಾದಳು. ನಾನು ಯಾರನ್ನು ನೆನೆಸಿಕೊಂಡೆ ಅಂತ ಅವಳಿಗೆ ಗೊತ್ತಾಗಿತ್ತು. ನಿಮಗೂ ಹೇಳುತ್ತೇನೆ. ನಮ್ಮ ಸೋದರತ್ತೆಯ ಗಂಡ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಬೈಗುಳವಿಲ್ಲ, ಹೊಡೆತವಿಲ್ಲ, ಚಟವಿಲ್ಲ. ಒಂದು ದಿನ ಊಟ ಮಾಡಿ, ಕೈ ತೊಳೆದು, ಗೂಟದಲ್ಲಿದ್ದ ಕೊಡೆ ತೆಗೆದುಕೊಂಡು ಹೊರಟವರು ಮತ್ತೆ ಬರಲಿಲ್ಲ. ಮಗಳಿಗೆ ಆಗ ಎರಡು ವರ್ಷ. ಬೊಂಬಾಯಿಯಲ್ಲಿ ನೋಡಿದೆ ಅಂತ ಒಬ್ಬರು, ಮಂತ್ರಾಲಯದಲ್ಲಿ ಕಾವಿ ಉಟ್ಟಿದ್ದರು ಅಂತ ಇನ್ನೊಬ್ಬರು. ತಾತ ಎರಡು ಸಲ ಹೋಗಿ ಹುಡುಕಿ ಬಂದರು. ಆಮೇಲೆ ಬಿಟ್ಟರು. ಅತ್ತೆ ತವರಿನಲ್ಲೇ ಉಳಿದಳು. ಕುಂಕುಮ ಇಡುತ್ತಿದ್ದಳು, ಹೂ ಮುಡಿಯುತ್ತಿರಲಿಲ್ಲ. ಅದು ಅವಳೇ ಮಾಡಿಕೊಂಡ ನಿಯಮ. ಅರಿಸಿನ ಕುಂಕುಮಕ್ಕೆ ಅವಳನ್ನು ಕರೆಯಬೇಕೋ ಬೇಡವೋ ಎಂದು ಬೀದಿಯ ಹೆಂಗಸರು ಬಾಗಿಲವರೆಗೆ ಬಂದು, ಅಮ್ಮನನ್ನು ಮಾತ್ರ ಕರೆದು, ಅತ್ತೆಯ ಮುಖ ನೋಡದೆ ಹೋಗುತ್ತಿದ್ದುದನ್ನು ಕಂಡಿದ್ದೇನೆ. ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಅವಳ ಕೈಯಲ್ಲಿದ್ದ ಕೆಲಸ ಒಂದು ಕ್ಷಣ ನಿಲ್ಲುತ್ತಿತ್ತು. ಒಂದೇ ಒಂದು ಕ್ಷಣ. ಮತ್ತೆ ಒನಕೆ ಎತ್ತುತ್ತಿದ್ದಳು.

ನಾನು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ, ಮಾವ ಈಗ ಬಂದರೆ ಏನು ಮಾಡ್ತೀಯ ಅತ್ತೆ ಅಂತ. "ಮೊದಲು ಊಟಕ್ಕೆ ಹಾಕ್ತೀನಿ. ಹೊಟ್ಟೆ ತುಂಬಿದ ಮೇಲೆ ಕೇಳ್ತೀನಿ" ಅಂದಿದ್ದಳು. ಕೇಳುವ ಸಂದರ್ಭ ಬರಲಿಲ್ಲ. ಸಾಯುವವರೆಗೂ ಬರಲಿಲ್ಲ.

ಫ್ಲಿಟ್‌ಕ್ರಾಫ್ಟ್‌ನ ಹೆಂಡತಿ ವಿಷಯ ತಿಳಿದ ಮೇಲೆ ಗಲಾಟೆ ಮಾಡದೆ ವಿಚ್ಛೇದನ ತೆಗೆದುಕೊಂಡಳು ಎನ್ನುವುದನ್ನು ಹ್ಯಾಮೆಟ್ ಒಂದು ಮಾತಿನಲ್ಲಿ ಮುಗಿಸುತ್ತಾನೆ. ಅವಳಿಗಾದರೂ ಒಬ್ಬ ಪತ್ತೇದಾರ ಸಿಕ್ಕಿದ. ಅಷ್ಟು ಭಾಗ್ಯ.

ಆಲೂಗೆಡ್ಡೆ ಆರಿತ್ತು. ಎದ್ದೆವು.

ಅಲ್ಲಿಂದ ಸ್ಟಾಕ್ಟನ್ ಬೀದಿ ಹಿಡಿದು ಹೋದರೆ ಎದುರಿಗೆ ಗುಡ್ಡದ ಹೊಟ್ಟೆಯೊಳಕ್ಕೆ ಹೋಗುವ ಸುರಂಗ. 1914ರದ್ದು. ಸುರಂಗದ ತಲೆಯ ಮೇಲೆ ಬುಷ್ ಬೀದಿ ಹಾಯುತ್ತದೆ. ಬಾಯಿಯ ಪಕ್ಕದಲ್ಲೇ ಮೇಲಕ್ಕೆ ಮೆಟ್ಟಿಲು. ಮಗುವನ್ನು ನಾನು ಎತ್ತಿಕೊಂಡೆ, ತಳ್ಳುಗಾಡಿಯನ್ನು ಅಳಿಯ ಹೊತ್ತ. ಏದುಸಿರು ಬಿಡುತ್ತ ಹತ್ತಿ ಬಂದರೆ ಮಂಜು ಇನ್ನೂ ದಟ್ಟ. ಕಾದಂಬರಿಯಲ್ಲಿ ಫೋನು ಬಂದ ರಾತ್ರಿ ಸ್ಪೇಡ್ ಟ್ಯಾಕ್ಸಿ ಇಳಿದದ್ದು ಇಲ್ಲಿ. ನನಗೆ ಒಂದು ಕ್ಷಣ ಹಗಲೆಂಬುದೇ ಮರೆತು ಮೈ ಜುಮ್ಮೆಂದಿತು.

ನಾಲ್ಕು ಹೆಜ್ಜೆ ಹೋದರೆ ಎಡಕ್ಕೆ ಬರಿಟ್ ಸ್ಟ್ರೀಟ್. ಸ್ಟ್ರೀಟ್ ಅಂತ ಹೆಸರು ಮಾತ್ರ. ನಮ್ಮ ಪೇಟೆಯ ಸಂದಿಯಷ್ಟೇ ಇದೆ, ಮುಂದೆ ದಾರಿಯೂ ಇಲ್ಲ. ಆಗ ಅಲ್ಲೊಂದು ಬೇಲಿ, ಕೆಳಗೆ ಇಳಿಜಾರು ಇತ್ತಂತೆ. ಆರ್ಚರ್ ಗುಂಡು ತಗಲಿ ಬೇಲಿ ಮುರಿದುಕೊಂಡು ಉರುಳಿದ್ದು ಆ ಇಳಿಜಾರಿನಲ್ಲಿ. ಈಗ ಕಟ್ಟಡ ಎದ್ದು ಮುಚ್ಚಿಹೋಗಿದೆ. ಓಣಿಯ ಬಾಯಿಯ ಗೋಡೆಗೆ ಒಂದು ಲೋಹದ ಫಲಕ ಹಾಕಿದ್ದಾರೆ.

ಆಗ ಅಳಿಯ ಓಡಿಹೋಗಿ ಆ ಫಲಕಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟ! "ಅತ್ತೆ, ನೀವು ಈ ಕಡೆ ನೋಡ್ಬೇಡಿ. ಪುಸ್ತಕ ಮುಗಿಸಿಲ್ಲ ನೀವು!" ಏನಪ್ಪಾ ಇದು ಅಂದುಕೊಂಡೆ. ನೋಡಿದರೆ ಈ ಊರಿನವರ ಬುದ್ಧಿ ಕೇಳಿ: ಇಂಥವನು ಸುಮಾರಾಗಿ ಈ ಜಾಗದಲ್ಲಿ ಇಂಥವರ ಕೈಯಲ್ಲಿ ಸತ್ತ ಅಂತ ಕೊಂದವರ ಹೆಸರು ಸಮೇತ ಕೆತ್ತಿಸಿ ಬೀದಿಗೆ ತಗಲಿಸಿದ್ದಾರೆ. ಇನ್ನೂರು ಪುಟ ಪತ್ತೇದಾರ ಕಷ್ಟಪಟ್ಟದ್ದನ್ನು ಗೋಡೆ ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತದೆ. ಪ್ರವಾಸಿಗಳಿಬ್ಬರು ಬಂದು ಫೋಟೋ ತೆಗೆಯಬೇಕು ಅಂದಾಗ ಅಳಿಯ ಪಾಪ ಸರಿಯಲೇಬೇಕಾಯಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆದರೆ ಸೆರಗು ತೆಳುವು, ಆಸೆ ದೊಡ್ಡದು. ಓದಿಬಿಟ್ಟೆ.

ಆ ಹೆಸರು ನಾನು ನಿಮಗೆ ಹೇಳುವುದಿಲ್ಲ. ಗೋಡೆ ಮಾಡಿದ ತಪ್ಪನ್ನು ನಾನು ಮಾಡಲಾರೆ.

ರಸ್ತೆ ದಾಟಿದರೆ ಎದುರಿನ ಇನ್ನೊಂದು ಓಣಿಗೆ 1988ರಲ್ಲಿ ಹ್ಯಾಮೆಟ್ಟನದೇ ಹೆಸರಿಟ್ಟಿದ್ದಾರೆ. ಅಲ್ಲಿ ಆತ ಸ್ವಲ್ಪ ಕಾಲ ವಾಸವಿದ್ದನಂತೆ. ಕೊಲೆಯಾದವನ ಓಣಿ ಈಚೆ, ಕೊಲೆ ಮಾಡಿಸಿದವನ ಓಣಿ ಆಚೆ.

ನಮ್ಮ ಕೊನೆಯ ಠಿಕಾಣಿ ಪೋಸ್ಟ್ ಬೀದಿಯ 891ನೇ ನಂಬರು, ಹೈಡ್ ಬೀದಿಯ ಮೂಲೆ. ಆರೇಳು ಅಡ್ಡರಸ್ತೆ ದಾಟಿ ನಡೆಯಬೇಕು. ಏರು, ಇಳಿತ, ಮತ್ತೆ ಏರು. ನನ್ನ ಮಂಡಿಗಳು ಆ ಊರನ್ನು ಇನ್ನೂ ಮರೆತಿಲ್ಲ. ನಡುವೆ ನಗರದ ಬಡತನವೂ ಕಣ್ಣಿಗೆ ಬಿತ್ತು. ಪಾದಚಾರಿ ದಾರಿಯಲ್ಲೇ ಗುಡಾರ ಹಾಕಿಕೊಂಡು ಕೂತವರು, ತಮ್ಮಷ್ಟಕ್ಕೆ ಮಾತಾಡಿಕೊಳ್ಳುವವರು. ಇವರೂ ಯಾರದೋ ಮನೆಯಿಂದ ಊಟಕ್ಕೆಂದು ಎದ್ದು ಬಂದವರೇ ಇರಬಹುದೇನೋ ಎಂದು ಆವತ್ತಿನ ಮನಸ್ಸಿಗೆ ಅನ್ನಿಸಿತು.

891 ಒಂದು ಸಾಧಾರಣ ಹಳೆಯ ಬಾಡಿಗೆ ಮನೆಗಳ ಕಟ್ಟಡ. ಬಾಗಿಲ ಪಕ್ಕ ಇಲ್ಲೂ ಒಂದು ಫಲಕ, 2005ರದ್ದು. ಇದು ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ, ಪುಣ್ಯ. ಮೇಲಂತಸ್ತಿನ ಒಂದು ಸಣ್ಣ ಕೋಣೆಯಲ್ಲಿ 1929ರವರೆಗೆ ಹ್ಯಾಮೆಟ್ ಇದ್ದ, ಗಿಡುಗದ ಕಥೆಯನ್ನು ಬರೆದದ್ದು ಅಲ್ಲೇ. ಸ್ಪೇಡ್ ವಾಸಿಸುವುದೂ ಪೋಸ್ಟ್ ಬೀದಿಯಲ್ಲೇ, ಗೋಡೆಗೆ ಮಡಚಿಡುವ ಮಂಚವಿರುವ ಇಂಥದೇ ಕೋಣೆಯಲ್ಲಿ. ಒಂದು ಬೆಳಿಗ್ಗೆ ಆ ಹೆಣ್ಣುಮಗಳು ನಿದ್ರೆಯಲ್ಲಿರುವಾಗ ಅವಳ ಬೀಗದ ಕೈ ಕದ್ದು, ಹೋಗಿ ಅವಳ ಮನೆ ತಡಕಾಡಿ, ಬರುವಾಗ ಅಂಗಡಿಯಿಂದ ಕಿತ್ತಳೆ, ಮೊಟ್ಟೆ, ಬನ್ನು, ಬೆಣ್ಣೆ, ಕೆನೆ ತಂದು ಅವಳಿಗೆ ತಿಂಡಿ ಮಾಡಿಕೊಡುತ್ತಾನಲ್ಲ, ಆ ಅಡುಗೆಮನೆ ಆ ಕಿಟಕಿಯ ಹಿಂದೆ ಎಲ್ಲೋ ಇರಬೇಕು ಎಂದು ತಲೆ ಎತ್ತಿ ನೋಡಿದೆ. (ಬೀಗದ ಕೈ ಕದ್ದದ್ದು ತಪ್ಪು. ಆದರೂ ತಾನೇ ಸಾಮಾನು ತಂದು ತಿಂಡಿ ಮಾಡಿದ ಗಂಡಸು ಎಂದು ನಾನು ಅವನಿಗೆ ಅರ್ಧ ಅಂಕ ಕೊಟ್ಟೆ.)

"ಹೆಂಡತಿ ಮಕ್ಕಳೂ ಇಲ್ಲೇ ಇದ್ರಾ?" ಎಂದು ಅಳಿಯನನ್ನು ಕೇಳಿದೆ.

ಇರಲಿಲ್ಲ. 1926ರಲ್ಲಿ ಎರಡನೆಯ ಮಗಳು ಹುಟ್ಟಿದ ವರ್ಷ ಹ್ಯಾಮೆಟ್ ಒಂದು ಒಡವೆ ಅಂಗಡಿಗೆ ಜಾಹೀರಾತು ಬರೆಯುವ ಕೆಲಸದಲ್ಲಿದ್ದ. ಕ್ಷಯ ಮರುಕಳಿಸಿ ಅಲ್ಲೇ ಕುಸಿದು ಬಿದ್ದ. ಎಳೆಮಕ್ಕಳಿಗೆ ರೋಗ ಅಂಟೀತು, ಬೇರೆ ಇರಿ ಎಂದು ಆರೋಗ್ಯ ಇಲಾಖೆಯ ನರ್ಸುಗಳು ಹೇಳಿದರು. ಜೋಸ್ ತಾನೂ ನರ್ಸೇ, ಅವಳಿಗೆ ಬೇರೆ ಹೇಳಬೇಕಾಗಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಬೇರೆ ಇದ್ದಳು. ಆತ ಕೋಣೆ ಹಿಡಿದು ಬರೆದ, ಆಗಾಗ ಹೋಗಿ ನೋಡಿ ಬರುತ್ತಿದ್ದ. ಕಾಯಿಲೆ ತಹಬಂದಿಗೆ ಬಂತು, ಹೆಸರು ಬಂತು, ಹಣವೂ ಬಂತು. 1929ರಲ್ಲಿ ಆತ ನ್ಯೂಯಾರ್ಕಿಗೆ ಹೋದ. ಹೆಂಡತಿ ಮಕ್ಕಳು ಲಾಸ್ ಏಂಜಲೀಸ್ ಕಡೆಗೆ ಹೋದರು. ಮೊದಲಿನಂತೆ ಒಂದೇ ಸಂಸಾರವಾಗಿ ಮತ್ತೆ ಬಾಳಲಿಲ್ಲ.

ಟಕೋಮಾದ ಆಸ್ಪತ್ರೆಯಲ್ಲಿ ಕಂಡ ಹುಡುಗಿ. ಟಕೋಮಾದಲ್ಲಿ ಬಿಟ್ಟು ಹೋದ ಹೆಂಡತಿ, ಎರಡು ಮಕ್ಕಳು. ಇದನ್ನು ಹ್ಯಾಮೆಟ್ ಬೇಕೆಂದೇ ಜೋಡಿಸಿದನೋ, ಊರಿನ ಹೆಸರು ನೆನಪಿಗೆ ಬಂದದ್ದರಿಂದ ಬರೆದನೋ, ಅವನ ಮನಸ್ಸಿನೊಳಗೆ ಹೋಗಲು ಅವನು ನಮಗೆ ಬಾಗಿಲಿಟ್ಟಿಲ್ಲ. ಆದರೆ ಕೆಳಗೆ ನಿಂತು ಆ ಕಿಟಕಿ ನೋಡುವಾಗ ನನ್ನ ಸಿಟ್ಟು ಊಟದ ಹೊತ್ತಿನಲ್ಲಿದ್ದಷ್ಟು ಇರಲಿಲ್ಲ. ಫ್ಲಿಟ್‌ಕ್ರಾಫ್ಟ್ ತಾನಾಗಿ ಎದ್ದು ಹೋದ. ಇವನನ್ನು ಮೊದಲು ಆಚೆ ಹಾಕಿದ್ದು ಕೆಮ್ಮು. ಆಮೇಲೆ ಬರಬಹುದಾಗಿದ್ದಾಗಲೂ ಬರಲಿಲ್ಲ, ಅದು ಬೇರೆ ಮಾತು.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಉಳಿದ ನಲವತ್ತು ಪುಟ ಓದಿದೆ. ಕೊಂದವರು ಯಾರು ಎನ್ನುವುದು ಗೊತ್ತಿದ್ದರಿಂದ ಮಜಾ ಹೋಯಿತು ಅಂತ ತಿಳಿದಿದ್ದೆ. ಹಾಗಾಗಲಿಲ್ಲ. ಗಿಡುಗ ಏನಾಯಿತು ಎನ್ನುವುದು ಅಲ್ಲಿ ಗೌಣವಾಗಿಬಿಡುತ್ತದೆ. ಅಪರಾಧಿಯನ್ನು ಪೊಲೀಸರಿಗೆ ಒಪ್ಪಿಸುವುದೋ ಬಿಡುವುದೋ ಎನ್ನುವ ಪ್ರಶ್ನೆ ಬಂದಾಗ ಸ್ಪೇಡ್ ಕೂತು, ನಾವು ತಿಂಗಳ ಖರ್ಚು ಬರೆದಂತೆ, ಈ ಕಡೆಗೆ ಇಷ್ಟು ಕಾರಣ, ಆ ಕಡೆಗೆ ಇಷ್ಟು ಅಂತ ಒಂದೊಂದಾಗಿ ಎಣಿಸುತ್ತಾನೆ. ಸತ್ತ ಆರ್ಚರ್‌ನ ಮೇಲೆ ಅವನಿಗೆ ಪ್ರೀತಿಯಿರಲಿಲ್ಲ, ಗೌರವವೂ ಇರಲಿಲ್ಲ. ಆದರೂ ಜೊತೆಯಲ್ಲಿ ಕೆಲಸ ಮಾಡಿದವನು ಸತ್ತರೆ ಸುಮ್ಮನೆ ಕೂರಲಾಗದು ಎನ್ನುವುದು ಅವನ ಮೊದಲ ಲೆಕ್ಕ. ಅಷ್ಟು ಹೊತ್ತಿನವರೆಗೆ ಮುಖ ತೋರಿಸದ ಮನುಷ್ಯನ ಕಣ್ಣು ಅಲ್ಲಿ ಕೆಂಪಾಗುತ್ತದೆ. ನಾನು ಎರಡು ಸಲ ಓದಿದೆ.

ಕೊನೆಯ ಪುಟ ಕಚೇರಿಯ ಹುಡುಗಿ ಎಫಿಯದು. ಟೈಪು ಮಾಡಿ, ಫೋನು ಹಿಡಿದು, ನಡುರಾತ್ರಿ ಎಬ್ಬಿಸಿದರೂ ಎದ್ದು ಬಂದು, ಅವನು ಹೇಳಿದ್ದಕ್ಕೆ ಆಪತ್ತಿನಲ್ಲಿದ್ದವಳನ್ನು ತನ್ನ ತಾಯಿಯ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪುವವಳು. ಇಡೀ ಪುಸ್ತಕದಲ್ಲಿ ಸುಳ್ಳು ಹೇಳದವಳು ಅವಳೊಬ್ಬಳೇ ಅಂತ ನನ್ನ ಲೆಕ್ಕ. ಸ್ಪೇಡ್ ಮಾಡಿದ್ದು ಸರಿಯೇ ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ಆ ಬೆಳಿಗ್ಗೆ ಅವನು ಹತ್ತಿರ ಬಂದಾಗ ಹಿಂದೆ ಸರಿಯುತ್ತಾಳೆ. ಆಗ ಬಾಗಿಲಲ್ಲಿ ಈವಾ ಬಂದು ನಿಂತಿರುತ್ತಾಳೆ. ಸ್ಪೇಡ್ ನಡುಗುತ್ತಾನೆ, ಒಳಗೆ ಕಳಿಸು ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ಪುಸ್ತಕ ಮುಚ್ಚುವಾಗ ಮೊದಲು ಓದದೆ ದಾಟಿಸಿದ್ದ ಒಂದು ಪುಟ ಕಣ್ಣಿಗೆ ಬಿತ್ತು. 1930ರಲ್ಲಿ ಪುಸ್ತಕವಾಗಿ ಬಂದಾಗ ಹ್ಯಾಮೆಟ್ ಅದನ್ನು ಯಾರಿಗೆ ಅರ್ಪಿಸಿದ್ದ ಗೊತ್ತೆ? ಜೋಸ್‌ಗೆ. ಅಷ್ಟು ಹೊತ್ತಿಗೆ ಆತ ನ್ಯೂಯಾರ್ಕಿನಲ್ಲಿದ್ದ, ಅವಳು ಮಕ್ಕಳೊಂದಿಗೆ ದೇಶದ ಆ ತುದಿಯಲ್ಲಿ. ಅಂಚೆಯಲ್ಲಿ ಪುಸ್ತಕ ಬಂದ ದಿನ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಆ ಪುಟವನ್ನು ಎಷ್ಟು ಹೊತ್ತು ನೋಡಿರಬಹುದು ಅಂತ ಯೋಚಿಸುತ್ತ ಕೂತಿದ್ದೆ. ಒಳಗೆ ಮಗು ಎದ್ದು ಅಳತೊಡಗಿತು. ದೀಪ ಆರಿಸದೆ ಹಾಲು ಬಿಸಿ ಮಾಡಲು ಹೋದೆ.